ಗೆರೆ ದಾಟಿದರೆ ಎಚ್ಚರಿಸುವ ಕಾರು: ಬೆಳೆಗಾರರು ತಿಳಿದಿರಬೇಕಾದ ಕೆಲವು ಸಂಗತಿಗಳು

2024 ಮತ್ತು 2025ರಲ್ಲಿ ಕಾಫಿಗೆ ಒಳ್ಳೆಯ ಧಾರಣೆ ಬಂದುದರಿಂದ ನಮ್ಮ ಸದಸ್ಯರಲ್ಲಿ ಹಲವರು ಹಳೆಯ ಜೀಪನ್ನೋ ಕಾರನ್ನೋ ಕೊಟ್ಟು ಹೊಸದನ್ನು ಕೊಂಡಿದ್ದಾರೆ. ಇನ್ನು ಕೆಲವರು ಕೊಳ್ಳುವ ಯೋಚನೆಯಲ್ಲಿದ್ದಾರೆ. ಈಗ ಕಾರಿನ ಮಳಿಗೆಗೆ ಹೋದರೆ ಮಾರುವವರು ಮೊದಲು ಹೇಳುವುದು ಎಂಜಿನ್ನಿನ ವಿಷಯವನ್ನಲ್ಲ, ಮೈಲೇಜಿನ ವಿಷಯವನ್ನೂ ಅಲ್ಲ. "ಇದರಲ್ಲಿ ಅಡಾಸ್ ಇದೆ ಸಾರ್, ಕಾರು ಗೆರೆ ತಪ್ಪಿದರೆ ತಾನೇ ಎಚ್ಚರಿಸುತ್ತದೆ" ಎನ್ನುತ್ತಾರೆ. ಈ ಸೌಕರ್ಯ ಸಾಮಾನ್ಯವಾಗಿ ಮೇಲ್ದರ್ಜೆಯ ಮಾದರಿಗಳಲ್ಲಿ ಮಾತ್ರ ಸಿಗುವುದರಿಂದ ಅದಕ್ಕಾಗಿ ಹೆಚ್ಚಿನ ಹಣ ತೆರಬೇಕಾಗುತ್ತದೆ. ಹಾಗೆ ತೆರುವ ಹಣಕ್ಕೆ ನಮಗೆ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ಎರಡು ಮೂರು ಎಕರೆಯ ಬೆಳೆಗಾರನೂ ತಿಳಿದಿರುವುದು ಒಳ್ಳೆಯದು. ಈ ವಿಷಯದಲ್ಲಿ ನಮಗೆ ತಿಳಿದುದನ್ನೂ, ಸ್ವತಃ ಅನುಭವಿಸಿದ ಒಂದು ಪ್ರಸಂಗವನ್ನೂ ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇವೆ.

ಆದಿತ್ಯನಗರಕ್ಕೆ ಹೊರಟದ್ದು

ಕಳೆದ ಕೊಯ್ಲಿನ ಕಾಲದಲ್ಲಿ ನಾವು ಮೂವರು ಸದಸ್ಯರು ಸೇಡಂ ತಾಲ್ಲೂಕಿನ ಆದಿತ್ಯನಗರಕ್ಕೆ ಹೋಗಬೇಕಾಯಿತು. ನಮ್ಮಲ್ಲೊಬ್ಬರ ಮಗಳು ಮತ್ತು ಅಳಿಯ ಅಲ್ಲಿದ್ದಾರೆ. ಮೊಮ್ಮಗುವಿನ ನಾಮಕರಣವಿತ್ತು. ಆದಿತ್ಯನಗರವೆಂದರೆ ಮಳಖೇಡದ ಸಿಮೆಂಟ್ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ಕಾಗಿಣಾ ನದಿಯ ದಂಡೆಯಲ್ಲಿ ಅದರ ಕೋಟೆ ಈಗಲೂ ಇದೆ. ನೆಲದಡಿಯಲ್ಲಿ ಸುಣ್ಣದ ಕಲ್ಲು ಹೇರಳವಾಗಿರುವುದರಿಂದ ಸೇಡಂ, ವಾಡಿ, ಶಹಾಬಾದ್, ಚಿತ್ತಾಪುರಗಳ ಈ ಸೀಮೆಯೆಲ್ಲ ಸಿಮೆಂಟಿನ ಸೀಮೆಯಾಗಿದೆ. ನೆಲದ ಮೇಲೆ ತೊಗರಿ, ಜೋಳ. ನಮ್ಮ ಅಂಗಳದಲ್ಲಿ ಕಾಫಿ ಒಣಗಿಸುವ ಕಣಕ್ಕೆ ಹಾಕಿದ ಸಿಮೆಂಟೂ, ನಮ್ಮ ಮನೆಯ ಸಾರಿಗೆ ಬೀಳುವ ಬೇಳೆಯೂ ಎಷ್ಟೋ ಸಲ ಈ ಕಡೆಯಿಂದಲೇ ಬಂದಿರುತ್ತವೆ.

ಹಗಲಿಡೀ ಹಣ್ಣು ಕೊಯ್ಲಿನ ಲೆಕ್ಕ ಬರೆಸಿ, ಆಳುಗಳಿಗೆ ಬಟವಾಡೆ ಮಾಡಿ ಸಂಜೆ ಆರರ ಹೊತ್ತಿಗೆ ಮೂಡಿಗೆರೆಯ ಕಡೆಯಿಂದ ಹೊರಟೆವು. ಕಾರು ಹೊಸದು, ನಮ್ಮಲ್ಲಿ ಕಿರಿಯರಾದವರದು. ಅದರಲ್ಲಿ ಮೇಲೆ ಹೇಳಿದ ಎಚ್ಚರಿಕೆಯ ಏರ್ಪಾಡಿತ್ತು. ಕಡೂರು, ಚಿತ್ರದುರ್ಗ ದಾಟಿ ಹೊಸಪೇಟೆಯ ಕಡೆಗಿನ ಹೆದ್ದಾರಿ ಹಿಡಿದೆವು. ನೇರವಾದ ಅಗಲ ರಸ್ತೆ, ಎರಡೂ ಬದಿಗೆ ಹೊಳೆಯುವ ಬಿಳಿ ಗೆರೆ. ಹೊಸಪೇಟೆ ಬಿಟ್ಟು ಕುಷ್ಟಗಿ ಇನ್ನೂ ದೂರವಿರುವಾಗ, ರಾತ್ರಿ ಎರಡರ ಸುಮಾರಿಗೆ, ಕಾರು ಇದ್ದಕ್ಕಿದ್ದಂತೆ ಬೀಪ್ ಬೀಪ್ ಎಂದು ಕೂಗಿ ಸ್ಟೀರಿಂಗ್ ನಡುಗಿತು. ಓಡಿಸುತ್ತಿದ್ದವರು ಬೆಚ್ಚಿ ಕಾರನ್ನು ಗೆರೆಯೊಳಕ್ಕೆ ತಂದರು. ಅವರಿಗೆ ತೂಕಡಿಕೆ ಬಂದಿತ್ತು. ಎಡಗಡೆಯ ಗೆರೆಯ ಆಚೆ ಒಂದು ಲಾರಿ ದೀಪವಿಲ್ಲದೆ ನಿಂತಿದ್ದುದನ್ನು ನಾವು ಆಮೇಲೆ ಕಂಡೆವು.

ಅಲ್ಲಿಯೇ ನಿಲ್ಲಿಸಿ ಒಂದೆರಡು ಗಂಟೆ ಮಲಗಬೇಕಾಗಿತ್ತು. ನಾವು ಹಾಗೆ ಮಾಡಲಿಲ್ಲ. ಒಂದು ಢಾಬಾದಲ್ಲಿ ಚಹಾ ಕುಡಿದು, "ಗಾಡಿ ನೋಡಿಕೊಳ್ಳುತ್ತದೆ ಬಿಡಿ" ಎಂದು ನಕ್ಕು ಮುಂದೆ ಹೊರಟೆವು. ಯಂತ್ರ ಒಮ್ಮೆ ಕಾಪಾಡಿದ್ದರಿಂದಲೇ ನಮಗೆ ಅದರ ಮೇಲೆ ಇಲ್ಲದ ಭರವಸೆ ಬಂದಿತ್ತು.

ಕಲಬುರಗಿ ದಾಟಿ ಸೇಡಂ ರಸ್ತೆ ಹಿಡಿದಾಗ ಬೆಳಕು ಹರಿದಿತ್ತು. ಒಂದು ಕಡೆ ರಸ್ತೆಗೆ ಹೊಸದಾಗಿ ಡಾಂಬರು ಹಾಕಿದ್ದರು. ಗೆರೆ ಇನ್ನೂ ಎಳೆದಿರಲಿಲ್ಲ. ಅಲ್ಲಿ ಅದೇ ಚಾಲಕರಿಗೆ ಅದೇ ತೂಕಡಿಕೆ ಬಂತು. ಈ ಸಲ ಕಾರು ಕೂಗಲಿಲ್ಲ. ಎಡಗಡೆಯ ಚಕ್ರಗಳು ಡಾಂಬರಿನಿಂದ ಒಂದು ಗೇಣು ಕೆಳಗಿನ ಎರೆಮಣ್ಣಿಗೆ ಇಳಿದು ಕಾರು ಒಲೆದಾಗಲೇ ಎಲ್ಲರಿಗೂ ಎಚ್ಚರವಾದದ್ದು. ಕಾರು ನಿಂತಿತು. ಹತ್ತು ಹೆಜ್ಜೆ ಮುಂದೆ ಒಬ್ಬ ಮುದುಕರು ಮೊಮ್ಮಗನನ್ನು ಕರೆದುಕೊಂಡು ಒಂದು ಜೊತೆ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುತ್ತಿದ್ದರು. ಅವರು ಬೈಯಲಿಲ್ಲ. ಹತ್ತಿರ ಬಂದು ಗಾಜಿನೊಳಗೆ ಇಣುಕಿ, "ಕಣ್ಣ ಹತ್ತಿತ್ತೇನ್ರಿ? ನಿದ್ದಿ ಮಾಡಿ ಹೋಗ್ರಿ, ಊರು ಎಲ್ಲೂ ಓಡಿ ಹೋಗಂಗಿಲ್ಲ" ಎಂದರು. ಆ ಹುಡುಗನಿಗೆ ಆರೇಳು ವರ್ಷವಿರಬಹುದು. ಹತ್ತು ಹೆಜ್ಜೆಯೆಂದರೆ ಕಾರಿಗೆ ಅರ್ಧ ಸೆಕೆಂಡಿನ ದಾರಿ. ಆ ದಿನ ನಾಮಕರಣದ ಮನೆಯಲ್ಲಿ ನಮಗೆ ಊಟ ಸೇರಲಿಲ್ಲ.

ಹೊಸಪೇಟೆಯ ಆಚೆ ಕೂಗಿದ ಕಾರು ಸೇಡಂ ರಸ್ತೆಯಲ್ಲಿ ಏಕೆ ಕೂಗಲಿಲ್ಲ? ನಮ್ಮ ಸದಸ್ಯರ ಅಳಿಯ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವವರು. ಅವರು ಸಾವಧಾನವಾಗಿ ವಿವರಿಸಿದ ಮೇಲೆ ನಮಗೆ ವಿಷಯ ಮನದಟ್ಟಾಯಿತು.

ಕಾರು ನೋಡುವುದೇನನ್ನು?

ಈ ಏರ್ಪಾಡಿಗೆ ಇಂಗ್ಲಿಷಿನಲ್ಲಿ ಲೇನ್ ಡಿಪಾರ್ಚರ್ ವಾರ್ನಿಂಗ್ ಎಂದು ಹೆಸರು. ಪಥ ತಪ್ಪಿದಾಗಿನ ಎಚ್ಚರಿಕೆ ಎಂದು ಕನ್ನಡದಲ್ಲಿ ಹೇಳಬಹುದು. ಮುಂದಿನ ಗಾಜಿನ ಒಳಬದಿಯಲ್ಲಿ, ಹಿಂದೆ ನೋಡುವ ಕನ್ನಡಿಯ ಬೆನ್ನಿಗೆ ಒಂದು ಸಣ್ಣ ಕ್ಯಾಮರಾ ಇರುತ್ತದೆ. ಅದು ಮುಂದಿನ ರಸ್ತೆಯ ಚಿತ್ರವನ್ನು ಸೆಕೆಂಡಿಗೆ ಹಲವು ಸಲ ತೆಗೆಯುತ್ತದೆ. ಕಪ್ಪು ಡಾಂಬರಿನ ಮೇಲೆ ಬಿಳಿ ಅಥವಾ ಹಳದಿ ಪಟ್ಟಿ ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಬಣ್ಣದ ವ್ಯತ್ಯಾಸದಿಂದ ಗುರುತಿಸಿ, ಕಾರು ಆ ಪಟ್ಟಿಯಿಂದ ಎಷ್ಟು ದೂರದಲ್ಲಿದೆ, ಯಾವ ಕಡೆಗೆ ವಾಲುತ್ತಿದೆ, ಎಷ್ಟು ವೇಗದಲ್ಲಿ ಪಟ್ಟಿಯನ್ನು ಸಮೀಪಿಸುತ್ತಿದೆ ಎಂದು ಕಾರಿನೊಳಗಿನ ಸಣ್ಣ ಕಂಪ್ಯೂಟರು ಲೆಕ್ಕ ಹಾಕುತ್ತದೆ. ಚಾಲಕ ಇಂಡಿಕೇಟರ್ ಹಾಕದೆ ಪಟ್ಟಿಯ ಕಡೆಗೆ ಸರಿದರೆ, ತಿಳಿಯದೆ ಸರಿಯುತ್ತಿದ್ದಾನೆ ಎಂದು ಅದು ಭಾವಿಸಿ ಎಚ್ಚರಿಸುತ್ತದೆ. ಕೆಲವು ಕಾರುಗಳಲ್ಲಿ ಸದ್ದು, ಕೆಲವದರಲ್ಲಿ ಸ್ಟೀರಿಂಗಿನ ಕಂಪನ, ಕೆಲವದರಲ್ಲಿ ಎರಡೂ. ಇಂಡಿಕೇಟರ್ ಹಾಕಿ ಸರಿದರೆ ಸುಮ್ಮನಿರುತ್ತದೆ.

ಹೀಗಾಗಿ ಈ ಕ್ಯಾಮರಾ ನೋಡುವುದು ಮುಖ್ಯವಾಗಿ ಬಣ್ಣದ ಗೆರೆಯನ್ನು. ಗೆರೆಯಿಲ್ಲದಿದ್ದರೆ ಅದಕ್ಕೆ ಪಥವೇ ಇಲ್ಲ. ಪಥವಿಲ್ಲದಿದ್ದರೆ ತಪ್ಪುವ ಪ್ರಶ್ನೆಯೂ ಇಲ್ಲ. ಕೆಲವು ಕಾರುಗಳ ಕ್ಯಾಮರಾ ಡಾಂಬರಿನ ಅಂಚನ್ನೂ ಗುರುತಿಸಲು ಯತ್ನಿಸುತ್ತದೆ. ಆದರೆ ಹೊಸ ಕಪ್ಪು ಡಾಂಬರಿನ ಪಕ್ಕದಲ್ಲಿ ಕಪ್ಪು ಎರೆಮಣ್ಣಿದ್ದರೆ ಬೆಳಗಿನ ಮಬ್ಬಿನಲ್ಲಿ ನಮ್ಮ ಕಣ್ಣಿಗೇ ಅಂಚು ತಿಳಿಯುವುದಿಲ್ಲ. ಸೇಡಂ ರಸ್ತೆಯಲ್ಲಿ ಆದದ್ದು ಇಷ್ಟೇ. ಯಂತ್ರ ಕೆಟ್ಟಿರಲಿಲ್ಲ. ತನಗೆ ಗೆರೆ ಕಾಣುತ್ತಿಲ್ಲವೆಂದು ಅದು ಡ್ಯಾಶ್‌ಬೋರ್ಡಿನಲ್ಲಿ ತಿಳಿಸಿಯೂ ಇತ್ತು. ಗೆರೆ ಕಂಡಾಗ ಹಸಿರಾಗಿರುತ್ತಿದ್ದ ಚಿಹ್ನೆ ಬೂದು ಬಣ್ಣಕ್ಕೆ ತಿರುಗಿತ್ತು. ನಿದ್ರೆಗಣ್ಣಿನವರಿಗೆ ಆ ಬೂದು ಬಣ್ಣ ಕಾಣಲಿಲ್ಲ.

ಒಂದು ಸಣ್ಣ ಲೆಕ್ಕ

ಗಂಟೆಗೆ 80 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಹೆದ್ದಾರಿಯ ಒಂದು ಪಥದ ಅಗಲ 3.5 ಮೀಟರ್. ಕಾರಿನ ಅಗಲ 1.7 ಮೀಟರ್ ಎಂದಿಟ್ಟುಕೊಂಡರೆ, ಪಥದ ನಡುವೆ ಹೋಗುವಾಗ ಎರಡೂ ಬದಿಗೆ 90 ಸೆಂಟಿಮೀಟರ್ ಉಳಿಯುತ್ತದೆ. ಚಾಲಕ ತೂಕಡಿಸಿ ಕಾರು ಕೇವಲ ಒಂದು ಡಿಗ್ರಿಯಷ್ಟು ಓರೆಯಾದರೂ ಅದು ಸೆಕೆಂಡಿಗೆ 39 ಸೆಂಟಿಮೀಟರಿನಂತೆ ಪಕ್ಕಕ್ಕೆ ಸರಿಯುತ್ತದೆ. ಅಂದರೆ ಎರಡೂ ಕಾಲು ಸೆಕೆಂಡಿನಲ್ಲಿ ಚಕ್ರ ಗೆರೆಯ ಮೇಲಿರುತ್ತದೆ. ಎರಡು ಡಿಗ್ರಿ ಓರೆಯಾದರೆ ಒಂದು ಸೆಕೆಂಡಿಗಿಂತ ಸ್ವಲ್ಪವೇ ಹೆಚ್ಚು. ನಿದ್ರೆಯ ಒಂದು ಜೋಂಪಿಗೆ ಇಷ್ಟು ಹೊತ್ತು ಧಾರಾಳ ಸಾಕು. ಯಂತ್ರ ನಮಗೆ ಕೊಡುವುದು ಈ ಒಂದೆರಡು ಸೆಕೆಂಡುಗಳ ಉಳಿತಾಯವನ್ನು ಮಾತ್ರ. ಕುಷ್ಟಗಿಯ ದಾರಿಯಲ್ಲಿ ಆ ಉಳಿತಾಯ ಮೂರು ಜೀವ ಉಳಿಸಿತು ಎಂಬುದನ್ನೂ ನಾವು ಮರೆಯಬಾರದು.

ಹೆಸರು ಒಂದೇ, ಬಗೆ ಮೂರು

ಮಾರುವವರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಗೊಂದಲವಾಗುತ್ತದೆ. ಮೂರನ್ನು ಬೇರ್ಪಡಿಸಿ ತಿಳಿದುಕೊಳ್ಳಬೇಕು.

ಮೊದಲನೆಯದು, ಎಚ್ಚರಿಕೆ ಮಾತ್ರ ಕೊಡುವುದು. ಇದು ಕೂಗುತ್ತದೆ, ನಡುಗಿಸುತ್ತದೆ, ಕಾರನ್ನು ತಿರುಗಿಸುವುದಿಲ್ಲ.

ಎರಡನೆಯದು, ಗೆರೆಯೊಳಕ್ಕೆ ತರಲು ನೆರವಾಗುವುದು. ಸ್ಟೀರಿಂಗನ್ನು ಹಗುರ ಮಾಡುವ ವಿದ್ಯುತ್ ಮೋಟಾರನ್ನೇ ಬಳಸಿ, ಕಾರು ಗೆರೆ ಮುಟ್ಟುವಾಗ ಸ್ವಲ್ಪ ಹಿಂದಕ್ಕೆ ಎಳೆಯುತ್ತದೆ. ಚಾಲಕ ಗಟ್ಟಿಯಾಗಿ ಹಿಡಿದು ತಿರುಗಿಸಿದರೆ ಚಾಲಕನದೇ ಗೆಲುವು.

ಮೂರನೆಯದು, ಪಥದ ನಡುವೆಯೇ ಕಾರನ್ನು ಇರಿಸಲು ಸದಾ ಸಣ್ಣಗೆ ತಿದ್ದುತ್ತಿರುವುದು. ಇದರಲ್ಲಿಯೂ ಕೈ ಸ್ಟೀರಿಂಗಿನ ಮೇಲೆ ಇರಲೇಬೇಕು. ಕೈ ತೆಗೆದರೆ ಕಾರು ಗದರಿಸಿ, ಕೊನೆಗೆ ತನ್ನ ನೆರವನ್ನು ನಿಲ್ಲಿಸುತ್ತದೆ.

ಈ ಮೂರರಲ್ಲಿ ಯಾವುದೂ ಚಾಲಕನ ಬದಲಿಗೆ ಕಾರು ಓಡಿಸುವುದಿಲ್ಲ. ಭಾರತದ ಮಾರುಕಟ್ಟೆಯಲ್ಲಿ 2020ರಿಂದೀಚೆಗೆ ಇಂತಹ ಕಾರುಗಳು ಹೆಚ್ಚಾಗಿ ಬರತೊಡಗಿದವು. 2021ರಲ್ಲಿ ಮಹೀಂದ್ರ ಎಕ್ಸ್‌ಯುವಿ 700, 2022ರಲ್ಲಿ ಹೋಂಡಾ ಸಿಟಿಯ ಹೈಬ್ರಿಡ್, ಆಮೇಲೆ ಹುಂಡೈ, ಕಿಯಾ, ಟಾಟಾ ಕಂಪನಿಗಳ ಹಲವು ಕಾರುಗಳು ಬಂದವು. ಈಗ ಸಣ್ಣ ಕಾರುಗಳ ಮೇಲ್ದರ್ಜೆಯ ಮಾದರಿಗಳಲ್ಲಿಯೂ ಇದು ದೊರೆಯುತ್ತಿದೆ.

ಹಾಲಿನ ಗಾಡಿಯಿಂದ ಲಾರಿಯವರೆಗೆ

ರಸ್ತೆಯ ನಡುವೆ ಗೆರೆ ಎಳೆಯುವ ಪದ್ಧತಿ ಅಮೆರಿಕದ ಮಿಚಿಗನ್ ರಾಜ್ಯದಲ್ಲಿ 1911ರಲ್ಲಿ ಆರಂಭವಾಯಿತು. ಎಡ್ವರ್ಡ್ ಹೈನ್ಸ್ ಎಂಬ ರಸ್ತೆ ಅಧಿಕಾರಿ, ಸೋರುತ್ತಿದ್ದ ಹಾಲಿನ ಗಾಡಿಯೊಂದು ರಸ್ತೆಯುದ್ದಕ್ಕೂ ಬಿಟ್ಟುಹೋದ ಬಿಳಿ ಜಾಡನ್ನು ಕಂಡು ಈ ಉಪಾಯ ಹೊಳೆಯಿತೆಂದು ಹೇಳುತ್ತಿದ್ದರಂತೆ. ಆ ಗೆರೆಯನ್ನು ಓದುವ ಯಂತ್ರ ಬರಲು ಇನ್ನೂ ಸುಮಾರು ತೊಂಬತ್ತು ವರ್ಷ ಬೇಕಾಯಿತು. 2000ದಲ್ಲಿ ಯುರೋಪಿನ ಮರ್ಸಿಡಿಸ್ ಆಕ್ಟ್ರೋಸ್ ಲಾರಿಗಳಲ್ಲಿ ಅದು ಮೊದಲು ಬಂತು. ರಾತ್ರಿಯಿಡೀ ಓಡಿಸುವ ಲಾರಿ ಚಾಲಕರ ನಿದ್ರೆಯೇ ಇದಕ್ಕೆ ಕಾರಣ. ಮುಂದೆ ಜಪಾನಿನ ಕಾರುಗಳಿಗೂ, ಫ್ರಾನ್ಸಿನ ಸಿಟ್ರೊಯೆನ್ ಕಾರುಗಳಿಗೂ ಬಂತು. ಸಿಟ್ರೊಯೆನ್‌ನವರು ಕ್ಯಾಮರಾದ ಬದಲು ಮುಂದಿನ ಬಂಪರಿನ ಅಡಿಯಲ್ಲಿ ಅವಗೆಂಪು ಕಿರಣದ ಸಾಧನ ಕೂರಿಸಿ, ಗೆರೆ ದಾಟಿದ ಬದಿಯ ಸೀಟನ್ನು ನಡುಗಿಸುತ್ತಿದ್ದರು.

ಯುರೋಪಿನಲ್ಲಿ 2013ರ ನವೆಂಬರಿನಿಂದ ಹೊಸ ಮಾದರಿಯ ಭಾರಿ ವಾಹನಗಳಿಗೆ, 2015ರಿಂದ ಎಲ್ಲ ಹೊಸ ಭಾರಿ ವಾಹನಗಳಿಗೆ ಇದು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 2025ರ ಮಾರ್ಚಿನಲ್ಲಿ ಬಸ್ಸು, ಲಾರಿ ಮತ್ತು ಎಂಟಕ್ಕಿಂತ ಹೆಚ್ಚು ಪ್ರಯಾಣಿಕರ ವಾಹನಗಳಿಗೆ ಈ ಎಚ್ಚರಿಕೆಯನ್ನೂ, ತಾನೇ ಬ್ರೇಕ್ ಹಾಕುವ ಮತ್ತು ಚಾಲಕನ ತೂಕಡಿಕೆಯನ್ನು ಗುರುತಿಸುವ ಏರ್ಪಾಡುಗಳನ್ನೂ ಕಡ್ಡಾಯಗೊಳಿಸುವ ಕರಡು ನಿಯಮವನ್ನು ಪ್ರಕಟಿಸಿತು. ಸಾಗಣೆಗೆ ಲಾರಿ ಕೊಳ್ಳುವ ಯೋಚನೆಯಿರುವ ಸದಸ್ಯರು ಕೊಳ್ಳುವ ಮೊದಲು ಸಾರಿಗೆ ಕಚೇರಿಯಲ್ಲಿ ಈ ಬಗ್ಗೆ ವಿಚಾರಿಸುವುದು ಲೇಸು.

ಪ್ರಯೋಜನವೆಷ್ಟು?

2022ನೇ ಇಸವಿಯೊಂದರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಮಂದಿ ಸತ್ತರು. ಕರ್ನಾಟಕದ ಪಾಲು 11,700ಕ್ಕೂ ಹೆಚ್ಚು. ಇವುಗಳಲ್ಲಿ ಕೆಲವಾದರೂ ಈ ಯಂತ್ರದಿಂದ ತಪ್ಪಬಹುದೇ? ಬೇರೆ ದೇಶಗಳ ಅಧ್ಯಯನಗಳು ಹೌದೆನ್ನುತ್ತವೆ. ಅಮೆರಿಕದ ವಿಮಾ ಸಂಸ್ಥೆಗಳ ರಸ್ತೆ ಸುರಕ್ಷತಾ ಕೇಂದ್ರದ ಅಧ್ಯಯನದಂತೆ, ಎಚ್ಚರಿಕೆ ಕೊಡುವ ಕಾರುಗಳಲ್ಲಿ ರಸ್ತೆ ಬಿಟ್ಟು ಹೋಗುವ, ಬದಿಗೆ ಉಜ್ಜುವ ಮತ್ತು ಎದುರುಬದುರು ಡಿಕ್ಕಿಯ ಅಪಘಾತಗಳು ಶೇಕಡಾ 11ರಷ್ಟು, ಅವುಗಳಲ್ಲಿ ಗಾಯಗಳಾಗುವಂತಹವು ಶೇಕಡಾ 21ರಷ್ಟು ಕಡಿಮೆಯಾದವು. ಸ್ವೀಡನ್ನಿನ ಅಧ್ಯಯನದಲ್ಲಿ ಇನ್ನೂ ಹೆಚ್ಚಿನ ಲಾಭ ಕಂಡುಬಂತು. ಎದುರುಬದುರು ಡಿಕ್ಕಿ ಮತ್ತು ಒಂಟಿ ವಾಹನದ ಅಪಘಾತಗಳಲ್ಲಿ ಚಾಲಕ ಗಾಯಗೊಳ್ಳುವುದು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಆದರೆ ಆ ಲೆಕ್ಕ ವೇಗದ ಮಿತಿ 70ರಿಂದ 120 ಕಿಲೋಮೀಟರ್ ಇದ್ದು, ಹಿಮ ಮುಚ್ಚದ ರಸ್ತೆಗಳಿಗೆ ಮಾತ್ರ ಸಂಬಂಧಿಸಿದ್ದು. ಗೆರೆ ಕಾಣುವ ಕಡೆ ಫಲ, ಕಾಣದ ಕಡೆ ಇಲ್ಲ ಎಂಬ ನಮ್ಮ ಅನುಭವಕ್ಕೆ ಇದು ಸರಿಹೊಂದುತ್ತದೆ. ಅವರ ಹಿಮದ ಜಾಗದಲ್ಲಿ ನಮಗೆ ಧೂಳು, ಕೆಸರು ಮತ್ತು ಹೊಸ ಡಾಂಬರು.

ಇನ್ನೊಂದು ಸಂಗತಿಯೂ ಗಮನಾರ್ಹವಾಗಿದೆ. ಅದೇ ಅಮೆರಿಕದ ಕೇಂದ್ರದವರು ಒಮ್ಮೆ ದುರಸ್ತಿಗೆ ಬಂದ 184 ಹೋಂಡಾ ಕಾರುಗಳನ್ನು ಪರೀಕ್ಷಿಸಿದಾಗ, ಮೂರರಲ್ಲಿ ಒಂದು ಪಾಲಿನ ಕಾರುಗಳಲ್ಲಿ ಮಾತ್ರ ಗೆರೆಯ ಎಚ್ಚರಿಕೆ ಚಾಲೂ ಇತ್ತು. ಉಳಿದವರು ನಿಲ್ಲಿಸಿಬಿಟ್ಟಿದ್ದರು. ಹಣ ಕೊಟ್ಟು ಕೊಂಡು, ಬಾಯಿ ಕಟ್ಟಿ ಇಟ್ಟ ಕಾವಲುನಾಯಿಯಂತೆ.

ನಮ್ಮ ರಸ್ತೆಗಳಲ್ಲಿ, ನಮ್ಮ ಘಟ್ಟದಲ್ಲಿ

ಈ ಎಚ್ಚರಿಕೆ ಸಾಮಾನ್ಯವಾಗಿ ಗಂಟೆಗೆ 60 ಕಿಲೋಮೀಟರಿನ ಸುಮಾರಿನ ವೇಗ ದಾಟಿದ ಮೇಲೆಯೇ ಕೆಲಸ ಮಾಡುತ್ತದೆ. ಭಾರಿ ವಾಹನಗಳ ಬಗೆಗಿನ ವಿಶ್ವಸಂಸ್ಥೆಯ 130ನೇ ನಿಯಮದಲ್ಲಿಯೂ 60 ಕಿಲೋಮೀಟರನ್ನೇ ಹೇಳಿದೆ. ಅದೇ ನಿಯಮದ ಇನ್ನೊಂದು ಷರತ್ತು ನಮಗೆ ಹೆಚ್ಚು ಮುಖ್ಯ. ತಿರುವಿನ ಒಳಗೆರೆಯ ತ್ರಿಜ್ಯ 250 ಮೀಟರಿಗಿಂತ ಕಡಿಮೆಯಿದ್ದರೆ ಎಚ್ಚರಿಕೆ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. 250 ಮೀಟರಿನ ತ್ರಿಜ್ಯವೆಂದರೆ ಬಯಲುಸೀಮೆಯ ಹೆದ್ದಾರಿಯ ನಿಧಾನವಾದ ಬಾಗು. ಆಗುಂಬೆಯ 14 ಕಡಿದಾದ ತಿರುವುಗಳನ್ನೂ, ಚಾರ್ಮಾಡಿಯನ್ನೂ, ಶಿರಾಡಿಯ ಇಳಿಜಾರನ್ನೂ ಬಲ್ಲ ನಮಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಅಲ್ಲಿ ನಾವು 60ರ ವೇಗದಲ್ಲಿ ಹೋಗುವುದೂ ಇಲ್ಲ, ಹೋಗಬಾರದು ಕೂಡ. ಮಳೆಗಾಲದ ಮಂಜಿನಲ್ಲಿ ಕ್ಯಾಮರಾಕ್ಕೆ ನಮಗಿಂತ ಹೆಚ್ಚೇನೂ ಕಾಣುವುದಿಲ್ಲ. ಆದ್ದರಿಂದ ಘಟ್ಟದಲ್ಲಿ ಈ ಯಂತ್ರ ಇಲ್ಲವೆಂದೇ ತಿಳಿದು ಓಡಿಸತಕ್ಕದ್ದು.

ಇನ್ನು ತೋಟದ ರಸ್ತೆಗಳು. ಒಂದು ಪಥದ ಗ್ರಾಮೀಣ ರಸ್ತೆಯ ಡಾಂಬರು 3.75 ಮೀಟರ್, ಅದಕ್ಕಿಂತ ದೊಡ್ಡದು 5.5 ಮೀಟರ್. ಇವುಗಳಲ್ಲಿ ಬಹುಪಾಲಿಗೆ ಗೆರೆಯೇ ಇರುವುದಿಲ್ಲ. ಅಲ್ಲಿಯೂ ಇದು ಮೂಕ.

ಕಲಬುರಗಿಯ ಬಯಲು ಇದಕ್ಕೆ ವಿರುದ್ಧ. ಕಣ್ಣಳತೆಯವರೆಗೆ ನೇರ ರಸ್ತೆ. ಇಲ್ಲಿ ಯಂತ್ರ ಚೆನ್ನಾಗಿ ಕೆಲಸ ಮಾಡಬೇಕು. ಆದರೆ ಅಲ್ಲಿದ್ದ ಎರಡು ದಿನಗಳಲ್ಲಿ ಹಗಲು ಬೆಳಕಿನಲ್ಲಿ ಓಡಾಡಿ ನೋಡಿದಾಗ ನಮಗೆ ಕಂಡ ತೊಡಕುಗಳು ಬೇರೆ. ಭಾರದ ಲಾರಿಗಳ ಓಡಾಟದಿಂದ ಗೆರೆ ಬೇಗ ಸವೆಯುತ್ತದೆ. ಉಳಿದ ಗೆರೆಯ ಮೇಲೆ ಬೂದು ಧೂಳು ಕೂರುತ್ತದೆ. ಸುಗ್ಗಿಯಲ್ಲಿ ರೈತರು ರಸ್ತೆಯ ಒಂದು ಬದಿಗೆ ತೊಗರಿ, ಜೋಳ ಹರವಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಅದರ ಸುತ್ತ ಕಲ್ಲು ಇಟ್ಟಿರುತ್ತಾರೆ. ಅದನ್ನು ತಪ್ಪಿಸಲು ಬಲಕ್ಕೆ ಸರಿದರೆ ಕಾರು ಕೂಗುತ್ತದೆ. ಎತ್ತಿನ ಗಾಡಿಗೆ, ಕುರಿಮಂದೆಗೆ, ಗುಂಡಿಗೆ ಸರಿದರೂ ಕೂಗುತ್ತದೆ. ಸ್ಟೀರಿಂಗ್ ಎಳೆಯುವ ಬಗೆಯ ಕಾರಾದರೆ, ನಾವು ಗುಂಡಿ ತಪ್ಪಿಸಲು ಬಲಕ್ಕೆ ತಿರುಗಿಸುವಾಗ ಅದು ಎಡಕ್ಕೆ ಎಳೆಯುತ್ತದೆ. ಎಳೆತ ಸಣ್ಣದೇ. ಆದರೆ ಅಭ್ಯಾಸವಿಲ್ಲದವರು ಗಾಬರಿಗೊಳ್ಳುತ್ತಾರೆ. ಇದಕ್ಕೆ ಉಪಾಯ ಸರಳ. ಬೇಕೆಂದೇ ಸರಿಯುವಾಗ ಇಂಡಿಕೇಟರ್ ಹಾಕಬೇಕು. ನಮ್ಮಲ್ಲಿ ಎಷ್ಟೋ ಮಂದಿಗೆ ಇಲ್ಲದಿರುವ ಈ ಒಳ್ಳೆಯ ಅಭ್ಯಾಸವನ್ನು ಕಾರು ಬೆತ್ತವಿಲ್ಲದ ಮೇಷ್ಟರಂತೆ ಕಲಿಸುತ್ತದೆ.

ಕೊಳ್ಳುವವರಿಗೂ ಬಳಸುವವರಿಗೂ ಕೆಲವು ಸೂಚನೆಗಳು

1. ವರ್ಷದಲ್ಲಿ ಎಷ್ಟು ಸಲ ಹೆದ್ದಾರಿಯಲ್ಲಿ ದೂರ ಪ್ರಯಾಣ ಮಾಡುತ್ತೀರಿ ಎಂದು ಮೊದಲು ಲೆಕ್ಕ ಹಾಕಿ. ಮಕ್ಕಳು ಬೆಂಗಳೂರಿನಲ್ಲಿದ್ದು ತಿಂಗಳಿಗೆ ಎರಡು ಸಲ ಹೋಗಿಬರುವವರಿಗೆ ಇದು ಉಪಯುಕ್ತ. ತೋಟ, ಪೇಟೆ, ಸಂಘದ ಕಚೇರಿ ಎಂದು ಓಡಾಡುವವರಿಗೆ ಇದರ ಪ್ರಯೋಜನ ಬಹಳ ಕಡಿಮೆ. ಅಂತಹವರು ಅದೇ ಹಣದಲ್ಲಿ ಒಳ್ಳೆಯ ಟೈರು, ಎಲ್ಲ ಸೀಟಿಗೂ ಬೆಲ್ಟು, ಏರ್‌ಬ್ಯಾಗುಗಳು ಇರುವಂತೆ ನೋಡಿಕೊಳ್ಳುವುದು ಲೇಸು.

2. ಮೇಲೆ ಹೇಳಿದ ಮೂರು ಬಗೆಗಳಲ್ಲಿ ಯಾವುದು ಎಂದು ಕೇಳಿ. ಎಷ್ಟು ವೇಗದಿಂದ ಕೆಲಸ ಮಾಡುತ್ತದೆ ಎಂಬುದನ್ನೂ ಕೇಳಿ. ಕಾರಿನೊಂದಿಗೆ ಬರುವ ಕೈಪಿಡಿಯಲ್ಲಿ ಇದು ಬರೆದಿರುತ್ತದೆ.

3. ಕ್ಯಾಮರಾದ ಮುಂದಿನ ಗಾಜನ್ನು ಚೊಕ್ಕಟವಾಗಿಡಿ. ಅಲ್ಲಿ ದೇವರ ಚಿತ್ರ, ಸಂಘದ ಲಾಂಛನ, ಟೋಲಿನ ಫಾಸ್ಟ್ಯಾಗ್ ಚೀಟಿ ಯಾವುದನ್ನೂ ಕ್ಯಾಮರಾಕ್ಕೆ ಅಡ್ಡವಾಗುವಂತೆ ಅಂಟಿಸಬೇಡಿ. ಡ್ಯಾಶ್‌ಬೋರ್ಡಿನ ಮೇಲೆ ಹೊಳೆಯುವ ವಸ್ತುವಿದ್ದರೆ ಅದರ ಪ್ರತಿಬಿಂಬ ಗಾಜಿನಲ್ಲಿ ಬಿದ್ದು ತೊಂದರೆಯಾಗುತ್ತದೆ.

4. ಗಾಜು ಒಡೆದು ಹೊಸದು ಹಾಕಿಸಿದಾಗ ಕ್ಯಾಮರಾವನ್ನು ಮತ್ತೆ ಸರಿಹೊಂದಿಸಿಕೊಡಬೇಕೆಂದು ಕೇಳಿ, ಹಾಗೆ ಮಾಡಿದುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕೂದಲೆಳೆಯಷ್ಟು ಓರೆಯಾದರೂ ದೂರದ ಗೆರೆಯ ಲೆಕ್ಕ ತಪ್ಪುತ್ತದೆ.

5. ಸಂಜೆ ಪಶ್ಚಿಮಕ್ಕೆ ಹೋಗುವಾಗ ಸೂರ್ಯ ಕಣ್ಣಿಗೆ ಹೊಡೆದರೆ, ರಾತ್ರಿ ಒದ್ದೆ ರಸ್ತೆಯಲ್ಲಿ ಎದುರಿನ ದೀಪ ಹೊಳೆದರೆ ಕ್ಯಾಮರಾಕ್ಕೂ ಕಣ್ಣು ಕೋರೈಸುತ್ತದೆಂದು ನೆನಪಿಡಿ.

6. ಡ್ಯಾಶ್‌ಬೋರ್ಡಿನ ಚಿಹ್ನೆಯನ್ನು ಗುರುತು ಹಿಡಿಯಲು ಮನೆಯವರೆಲ್ಲರಿಗೂ ಕಲಿಸಿ. ಗೆರೆ ಕಂಡಾಗ ಯಾವ ಬಣ್ಣ, ಕಾಣದಾಗ ಯಾವ ಬಣ್ಣ ಎಂಬುದು ಪಕ್ಕದ ಸೀಟಿನಲ್ಲಿ ಕೂತವರಿಗೂ ಗೊತ್ತಿರಬೇಕು.

7. ಕಾರು ಒಂದು ಸಲ ತೂಕಡಿಕೆಯಿಂದ ಎಬ್ಬಿಸಿದರೆ ಅದನ್ನು ನಿಲ್ಲಿಸಬೇಕೆಂಬ ಅಪ್ಪಣೆಯೆಂದೇ ತಿಳಿಯಿರಿ. ಚಹಾದಿಂದ ನಿದ್ರೆ ಹೋಗುವುದಿಲ್ಲ, ಮುಂದಕ್ಕೆ ಹೋಗುತ್ತದೆ, ಅಷ್ಟೆ. ನಮ್ಮ ಕಾಫಿಯಿಂದಲೂ ಅಷ್ಟೆ ಎಂದು ಕಾಫಿ ಬೆಳೆಗಾರರಾದ ನಾವೇ ಒಪ್ಪಬೇಕು.

ಗೆರೆ ಎಳೆಸುವ ಕೆಲಸ

ಈ ಯಂತ್ರದಿಂದ ತಿಳಿದ ದೊಡ್ಡ ವಿಷಯವೆಂದರೆ ರಸ್ತೆಯ ಅಂಚಿನ ಬಿಳಿ ಗೆರೆಯ ಬೆಲೆ. ಅದನ್ನು ನಾವು ಇದುವರೆಗೆ ಅಲಂಕಾರವೆಂದು ಬಗೆದಿದ್ದೆವು. ಗಾಜಿನ ಸಣ್ಣ ಮಣಿಗಳನ್ನು ಬೆರೆಸಿ ಬಿಸಿಯಾಗಿ ಬಳಿಯುವ ಗೆರೆ ರಾತ್ರಿ ದೀಪಕ್ಕೆ ಹೊಳೆಯುತ್ತದೆ. ಹೊಸ ಕಾರಿನ ಕ್ಯಾಮರಾಕ್ಕೆ ಮಾತ್ರವಲ್ಲ, ಹಳೆಯ ಜೀಪಿನವರಿಗೆ, ಸ್ಕೂಟರಿನವರಿಗೆ, ಮಂಜಿನಲ್ಲಿ ಹಾಲಿನ ಕ್ಯಾನು ಹೊತ್ತು ಡೈರಿಗೆ ಹೋಗುವ ಹುಡುಗನಿಗೆ ಕೂಡ ಅದೇ ದಾರಿ ತೋರುತ್ತದೆ. ಆ ಗೆರೆಗೆ ಯಾವ ಮೇಲ್ದರ್ಜೆಯ ಮಾದರಿಯೂ ಬೇಕಿಲ್ಲ.

ಆದ್ದರಿಂದ ನಮ್ಮ ಊರಿನ ರಸ್ತೆಗೆ ಡಾಂಬರು ಬಿದ್ದಾಗ ಗೆರೆ ಎಳೆಯದೆ ಕೆಲಸ ಮುಗಿಯಿತೆಂದು ಒಪ್ಪಬಾರದು. ಅಂಚಿನ ಮಣ್ಣು ತುಂಬಿ ಡಾಂಬರಿನ ಮಟ್ಟಕ್ಕೆ ತಂದಿದ್ದಾರೆಯೇ ಎಂದೂ ನೋಡಬೇಕು. ಸದಸ್ಯರು ತಮ್ಮ ರಸ್ತೆಯ ಹೆಸರು, ಗೆರೆಯಿಲ್ಲದ ಭಾಗ, ಅಪಾಯದ ತಿರುವುಗಳನ್ನು ಒಂದು ಕಾಗದದಲ್ಲಿ ಬರೆದು ಸಂಘದ ಕಚೇರಿಗೆ ಮುಟ್ಟಿಸಿದರೆ, ಎಲ್ಲವನ್ನೂ ಸೇರಿಸಿ ಲೋಕೋಪಯೋಗಿ ಇಲಾಖೆಗೂ ಪಂಚಾಯತಿಗೂ ಮನವಿ ಸಲ್ಲಿಸಬಹುದು. ಒಬ್ಬೊಬ್ಬರೇ ಕೇಳುವುದಕ್ಕಿಂತ ಒಟ್ಟಾಗಿ ಕೇಳುವುದು ಮೇಲು ಎಂಬುದನ್ನು ಸಹಕಾರಿಗಳಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹಿಂದಿರುಗುವಾಗ ನಾವು ಆದಿತ್ಯನಗರದಿಂದ ಬೆಳಗ್ಗೆ, ರಾತ್ರಿಯಿಡೀ ನಿದ್ರೆ ಮಾಡಿ ಹೊರಟೆವು. ಚಕ್ರ ಇಳಿದಿದ್ದ ಜಾಗದಲ್ಲಿ ನಮ್ಮ ಟೈರಿನ ಗುರುತು ಎರೆಮಣ್ಣಿನಲ್ಲಿ ಹಾಗೆಯೇ ಇತ್ತು. ಆ ಮುದುಕರು ಹೊಲದಲ್ಲಿ ಕಾಣಬಹುದೇ ಎಂದು ಕಾರು ನಿಲ್ಲಿಸಿ ನೋಡಿದೆವು. ಯಾರೂ ಇರಲಿಲ್ಲ. ಇಬ್ಬರು ಸರದಿಯ ಮೇಲೆ ಓಡಿಸುತ್ತ, ಹೊಸಪೇಟೆಯಲ್ಲಿ ಊಟ ಮಾಡಿ ಒಂದು ಗಂಟೆ ಮಲಗಿ, ಕತ್ತಲಾದ ಮೇಲೆ ಮನೆ ಸೇರಿದೆವು. ದಾರಿಯಲ್ಲಿ ಕಾರು ನಾಲ್ಕು ಸಲ ಕೂಗಿತು. ನಾಲ್ಕು ಸಲವೂ ಇಂಡಿಕೇಟರ್ ಹಾಕಲು ಮರೆತದ್ದಕ್ಕೆ.